ಕಲೆ ಒಂದು ಕಡೆ, ಸೋರಿಕೆ ಇನ್ನೊಂದು ಕಡೆ

ಗೋಡೆಯಲ್ಲಿ ಕಲೆ ಕಂಡ ಕೂಡಲೇ ಜನ ನನಗೆ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: "ಯಾವ ಪೇಂಟ್ ಹೊಡೆಸಿದ್ರೆ ಇದು ಹೋಗುತ್ತೆ?" ಯಾವ ಪೇಂಟೂ ಅಲ್ಲ ಎನ್ನುತ್ತೇನೆ. ಮೊದಲು ನೀರು ನಿಲ್ಲಬೇಕು, ಆಮೇಲೆ ಗೋಡೆ ಒಣಗಬೇಕು, ಬಣ್ಣ ಕಟ್ಟಕಡೆಗೆ. ನಾನು ಸೋರಿಕೆ ರಿಪೇರಿ ಮಾಡುವವನು. ಈ ಕ್ರಮ ತಲೆಕೆಳಗಾದ ಮನೆಗಳಿಂದಲೇ ನನಗೆ ಕೆಲಸ ಜಾಸ್ತಿ ಬರುವುದು.

ಮನೆಯೊಳಗೆ ನೀರು ನಿಂತಿದ್ದರೆ ಮಾಪ್ ಹಿಡಿಯುವ ಮೊದಲು ಕರೆಂಟ್ ನೋಡಿ. ಒಣ ನೆಲದ ಮೇಲೆ ನಿಂತು ಮೇನ್ ಸ್ವಿಚ್ ಕೈಗೆ ಎಟುಕಿದರೆ ಆಫ್ ಮಾಡಿ. ನೀರಲ್ಲಿ ನಡೆದೇ ಅಲ್ಲಿಗೆ ಹೋಗಬೇಕು ಅಂತಿದ್ದರೆ ಬೇಡವೇ ಬೇಡ, ಹೊರಗೆ ನಿಂತು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಪೈಪ್ ಒಡೆದಿದ್ದರೆ ಮೇನ್ ವಾಲ್ವ್ ಮುಚ್ಚಿ. ಅದು ಎಲ್ಲಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು. ಆಗಾಗ ತಿರುಗಿಸಿಯೂ ನೋಡಿರಬೇಕು. ವರ್ಷಗಟ್ಟಲೆ ಯಾರೂ ಮುಟ್ಟದ ವಾಲ್ವ್ ಬೇಕಾದ ದಿನವೇ ಕಚ್ಚಿಕೊಂಡಿರುತ್ತದೆ.

ಫಾಲ್ಸ್ ಸೀಲಿಂಗ್ ಕೆಳಕ್ಕೆ ಜೋತು ಬಿದ್ದಿದ್ದರೆ ಅದರ ಮೇಲೆ ನೀರು ಕೂತಿದೆ ಅಂತ ಅರ್ಥ. ಅದರಡಿ ಯಾರೂ ಓಡಾಡಬಾರದು. ಕರೆಂಟ್ ಆಫ್ ಆಗಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಬಕೆಟ್ ಇಟ್ಟು, ಪಕ್ಕಕ್ಕೆ ಸರಿದು ನಿಂತು, ಕೋಲಿನ ತುದಿಗೆ ಸ್ಕ್ರೂಡ್ರೈವರ್ ಕಟ್ಟಿ ಉಬ್ಬಿನ ಅಂಚಿನಲ್ಲಿ ಸಣ್ಣ ತೂತು ಮಾಡಿ. ನೀರು ಮೆಲ್ಲಗೆ ಇಳಿದುಹೋಗುತ್ತದೆ. ಉಬ್ಬು ದೊಡ್ಡದಿದ್ದರೆ ಈ ಸಾಹಸ ಬಿಡಿ, ಬಾಗಿಲು ಹಾಕಿಕೊಂಡು ಬಲ್ಲವರನ್ನು ಕರೆಸಿ.

ಒರೆಸುವ ಮುಂಚೆ ಫೋಟೋ ತೆಗೆಯಿರಿ. ನೀರು ಎಲ್ಲಿಯವರೆಗೆ ಏರಿತ್ತು, ಯಾವ ಸಾಮಾನು ನೆನೆಯಿತು, ಎಲ್ಲ ಕಾಣಬೇಕು. ವಿಮೆ ಇದ್ದರೆ ಇದು ಬೇಕೇ ಬೇಕು. ಇಲ್ಲದಿದ್ದರೂ ಮೇಲಿನ ಮನೆಯವರ ಜೊತೆ ಮಾತಾಡುವಾಗ ನೂರು ಮಾತಿನ ಬದಲು ಒಂದು ಫೋಟೋ ಸಾಕು.

ಬಂದ ನೀರು ಎಂಥದ್ದು ಅನ್ನುವುದೂ ಮುಖ್ಯ. ನಲ್ಲಿ ನೀರಾದರೆ ಸಾಮಾನು ಒಣಗಿಸಿ ಉಳಿಸಿಕೊಳ್ಳಬಹುದು. ಚರಂಡಿ ನೀರು, ನೆರೆ ನೀರು ಕುಡಿದ ಹಾಸಿಗೆ, ದಿಂಬು, ಸೋಫಾದ ಸ್ಪಂಜು ಮಾತ್ರ ಹೊರಗೆ ಹಾಕಿ. ಎಷ್ಟು ಬಿಸಿಲಿಗಿಟ್ಟರೂ ಅವು ಒಳಗಿಂದ ಶುಚಿಯಾಗುವುದಿಲ್ಲ.

ಇನ್ನು ನೀರು ಎಲ್ಲಿಂದ ಬರುತ್ತಿದೆ ಅನ್ನುವುದು. ಸೋರಿದ ಜಾಗದಲ್ಲೇ ಕಲೆ ಕಾಣುವುದು ಅಪರೂಪ. ನೀರು ಪೈಪಿನ ಮೈ ಹಿಡಿದು, ಟೈಲ್ಸ್ ಅಡಿಯ ಗಾರೆಯಲ್ಲಿ ಹರಿದು, ಎಲ್ಲೋ ಒಂದು ಬಿರುಕು ಸಿಕ್ಕ ಕಡೆ ಇಣುಕುತ್ತದೆ. ಅದಕ್ಕೇ ನಾನು "ಎಲ್ಲಿ" ಅಂತ ಕೇಳುವ ಮೊದಲು "ಯಾವಾಗ" ಅಂತ ಕೇಳುತ್ತೇನೆ. ಮಳೆ ಬಂದಾಗ ಮಾತ್ರ ಹಸಿಯಾಗುತ್ತದೆ ಅಂದರೆ ತಾರಸಿ, ಹೊರಗೋಡೆ ಅಥವಾ ಕಿಟಕಿಯ ಅಂಚು. ಹಗಲೂ ರಾತ್ರಿ ಒಂದೇ ಸಮನೆ ಹಸಿ ಅಂದರೆ ಒತ್ತಡದಲ್ಲಿರುವ ನೀರಿನ ಪೈಪ್ ಮೇಲೆ ಅನುಮಾನ. ಸ್ನಾನ ಆದ ಮೇಲೆ ಜಾಸ್ತಿ ಅಂದರೆ ಡ್ರೈನ್, ಇಲ್ಲವೇ ಟೈಲ್ಸ್ ಸಂದು. ಗೋಡೆಯ ಬುಡದಿಂದ ಮೇಲಕ್ಕೆ ಸುಮಾರು 1 ಮೀಟರ್‌ವರೆಗೆ ಏರಿ, ತುದಿಯಲ್ಲಿ ಬಿಳಿ ಉಪ್ಪಿನ ಗೆರೆ ಬಿಟ್ಟಿದ್ದರೆ ನೆಲದ ತೇವವನ್ನೇ ಗೋಡೆ ಹೀರುತ್ತಿರಬಹುದು.

ಇದಕ್ಕೆ ಬೇಕಾದ ಸಾಮಾನು ಒಂದು ಪೆನ್ಸಿಲ್. ಕಲೆಯ ಅಂಚಿನ ಗುಂಟ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಕಲೆ ಗೆರೆ ದಾಟಿದ ದಿನ ಮನೆಯಲ್ಲಿ ಏನೇನು ನಡೆಯಿತು ಅಂತಲೂ ಗುರುತು ಹಾಕಿಕೊಳ್ಳಿ.

ಒಂದು ಮನೆಯಲ್ಲಿ ಮಲಗುವ ಕೋಣೆಯ ಗೋಡೆ ಹೀಗೆ ಹಾಳಾಗಿತ್ತು. ಗೋಡೆಯ ಆಚೆ ಬಾತ್‌ರೂಮ್. ಟೈಲ್ಸ್ ಪೂರ್ತಿ ಕೀಳಿಸುವುದು ಅಂತ ಮನೆಯವರು ತೀರ್ಮಾನವನ್ನೇ ಮಾಡಿಬಿಟ್ಟಿದ್ದರು. ಒಂದು ವಾರ ತಡೆಯಿರಿ ಅಂದೆ. ಬೇಸಿನ್, ಕಮೋಡ್ ಮಾತ್ರ ಬಳಸಿದ ದಿನಗಳಲ್ಲಿ ಕಲೆ ಗೆರೆಯೊಳಗೇ ಇತ್ತು. ಶವರ್ ಬಳಸಿದ ಮಾರನೇ ದಿನ ದಾಟಿತ್ತು. ಸರಿ, ಶವರ್ ಅಂತ ಗೊತ್ತಾಯಿತು. ಆದರೆ ಗೋಡೆಯೊಳಗಿನ ಪೈಪೋ, ಮೈಮೇಲೆ ಬಿದ್ದು ಗೋಡೆಗೆ ಎರಚುವ ನೀರೋ? ಶವರ್ ತಲೆ ಬಿಚ್ಚಿ, ಅಲ್ಲಿಗೆ ಹೋಸ್ ಸಿಕ್ಕಿಸಿ, ಗೋಡೆಗೆ ಹನಿಯೂ ತಾಗದಂತೆ ನೀರನ್ನು ನೇರ ಡ್ರೈನ್‌ಗೆ ಬಿಟ್ಟೆವು. ಕಲೆ ಅಲ್ಲಾಡಲಿಲ್ಲ. ಅಲ್ಲಿಗೆ ಪೈಪೂ ಸರಿ, ಡ್ರೈನೂ ಸರಿ. ಎರಚುವ ನೀರೇ ಒಳಗೆ ಹೋಗುತ್ತಿದೆ. ಮಿಕ್ಸರ್ ನಲ್ಲಿಯ ಹಿಂದೆ ಗೋಡೆಗೆ ಒತ್ತಿಕೊಂಡಿರುವ ದುಂಡನೆ ಸ್ಟೀಲ್ ಬಿಲ್ಲೆ ಇರುತ್ತದಲ್ಲ, ಅದನ್ನು ಸರಿಸಿ ನೋಡಿದರೆ ಹಿಂದೆ ಟೈಲ್‌ಗೆ ಕೊರೆದ ತೂತು ಬಾಯಿ ತೆರೆದುಕೊಂಡೇ ಇತ್ತು. ತೂತಿನ ಅಂಚಿನ ಗಾರೆ ಬೆರಳಿಗೆ ಪುಡಿಪುಡಿಯಾಗಿ ಬರುತ್ತಿತ್ತು. ಒಣಗಿಸಿ, ಸಿಲಿಕೋನ್ ಸೀಲಂಟ್ ತುಂಬಿ, ಬಿಲ್ಲೆ ಮುಚ್ಚಿದ್ದು ಅಷ್ಟೇ ಕೆಲಸ. ಟೈಲ್ಸ್ ಒಂದೂ ಒಡೆಯಲಿಲ್ಲ.

ಪೈಪ್ ಮೇಲೆ ಅನುಮಾನವಿದ್ದರೆ ಮನೆಯ ಎಲ್ಲ ನಲ್ಲಿಗಳನ್ನೂ ಮುಚ್ಚಿ ಮೀಟರ್ ಅಂಕಿ ಬರೆದುಕೊಳ್ಳಿ. ಒಂದೆರಡು ಗಂಟೆ ಯಾರೂ ನೀರು ಮುಟ್ಟಬಾರದು. ಅಂಕಿ ಓಡಿದ್ದರೆ ಎಲ್ಲೋ ಸೋರುತ್ತಿದೆ. ನಡುವೆ ಟ್ಯಾಂಕ್ ತುಂಬುತ್ತಿದ್ದರೆ ಈ ಲೆಕ್ಕ ಹಿಡಿಯುವುದಿಲ್ಲ. ಬಾತ್‌ರೂಮ್ ನೆಲ ನೋಡಬೇಕಾದರೆ ಡ್ರೈನ್ ಬಾಯಿಗೆ ಬಿರಡೆ ಹಾಕಿ, ಹೊಸ್ತಿಲು ದಾಟದಷ್ಟು ನೀರು ನಿಲ್ಲಿಸಿ 24 ಗಂಟೆ ಬಿಡಿ, ಕೆಳಗಿನ ಸೀಲಿಂಗ್ ಗಮನಿಸಿ. ನೀರು ನಿಂತಿರುವಾಗಲೇ ಕೆಳಗೆ ಹಸಿ ಕಂಡರೆ ನೆಲದ್ದೇ ತೊಂದರೆ. ಬಿರಡೆ ತೆಗೆದ ಮೇಲಷ್ಟೇ ಕಂಡರೆ ಡ್ರೈನ್ ಪೈಪಿನದ್ದು.

ಕೆಲವೊಮ್ಮೆ ಸೋರಿಕೆಯೇ ಇರುವುದಿಲ್ಲ. ಕೋಣೆಯ ಗಾಳಿಯಲ್ಲಿರುವ ತೇವ ತಣ್ಣಗಿನ ಗೋಡೆಗೆ ಹನಿಯಾಗಿ ಕೂರುತ್ತದೆ. ಬೀರುವಿನ ಹಿಂದೆ, ಮೂಲೆಗಳಲ್ಲಿ ಕಪ್ಪು ಚುಕ್ಕೆ ಬರುವುದು ಬಹುಪಾಲು ಇದರಿಂದಲೇ. ಪತ್ತೆ ಸುಲಭ. ಅಲ್ಯೂಮಿನಿಯಂ ಫಾಯಿಲ್‌ನ ಒಂದು ತುಂಡನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ, ಒಂದೆರಡು ದಿನ ಬಿಡಿ. ಫಾಯಿಲ್‌ನ ಹೊರಮೈಯಲ್ಲಿ ಹನಿ ಇದ್ದರೆ ಗಾಳಿಯದ್ದು, ಒಳಮೈಯಲ್ಲಿ ಇದ್ದರೆ ಗೋಡೆಯದ್ದು. ಗಾಳಿಯದ್ದಾದರೆ ವಾಟರ್‌ಪ್ರೂಫಿಂಗ್‌ಗೆ ದುಡ್ಡು ಸುರಿದು ಏನು ಪ್ರಯೋಜನ, ಅಲ್ವಾ? ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಒದ್ದೆ ಬಟ್ಟೆ ಒಳಗೆ ಹರವುವುದು ಬಿಡಿ.

ನೀರು ನಿಂತಿತು. ಇನ್ನು ಒಣಗಿಸುವುದು. ಮೊದಲ 24ರಿಂದ 48 ಗಂಟೆ ಬಹಳ ಮುಖ್ಯ. ಅಷ್ಟರಲ್ಲಿ ಒಣಗದ ಬಟ್ಟೆ, ಹಲಗೆ, ಜಿಪ್ಸಂಗೆ ಬೂಸ್ಟು ಹಿಡಿಯಲು ಶುರುವಾಗುತ್ತದೆ. ಬೀರು, ಮಂಚ ಗೋಡೆಯಿಂದ ಈಚೆಗೆ ಎಳೆಯಿರಿ. ಡ್ರಾಯರ್ ಕಳಚಿಡಿ. ಫ್ಯಾನನ್ನು ಗೋಡೆಗೆ ನೆಟ್ಟಗೆ ಇಡಬೇಡಿ, ಗಾಳಿ ಗೋಡೆಯ ಮೈ ಸವರಿಕೊಂಡು ಹೋಗುವಂತೆ ಓರೆಯಾಗಿಡಿ. ಕಿಟಕಿ ತೆಗೆಯಬೇಕೋ ಬೇಡವೋ ಅನ್ನುವುದು ಹೊರಗಿನ ಹವೆಗೆ ಬಿಟ್ಟದ್ದು. ಒಣ ಗಾಳಿ ಇದ್ದರೆ ಎಲ್ಲವನ್ನೂ ತೆಗೆಯಿರಿ. ಜಡಿಮಳೆ ಹಿಡಿದಿದ್ದರೆ ಮುಚ್ಚಿ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಅಥವಾ ಏಸಿಯ ಡ್ರೈ ಮೋಡ್ ಹಾಕಿ. ಹೀಟರ್ ಹಚ್ಚಿ ಕೋಣೆ ಮುಚ್ಚಿಡುವವರೂ ಇದ್ದಾರೆ. ಗೋಡೆಯಿಂದ ಎದ್ದ ಆವಿ ಎಲ್ಲಿಗೆ ಹೋಗಬೇಕು? ಎದುರು ಗೋಡೆಗೆ. ಕೋಣೆಯಲ್ಲಿ ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ಇಡಿ, ತೇವಾಂಶ ಶೇ 60ರ ಕೆಳಗೇ ಇರಲಿ.

ಗೋಡೆ ಮುಟ್ಟಿ ನೋಡಿ "ಒಣಗಿದೆ" ಅನ್ನಬೇಡಿ. ಹೊರಪದರ ಬೇಗ ಒಣಗುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ. ಕಾಂಕ್ರೀಟ್‌ಗೆ ಕೆಲಸದವರು ಇಟ್ಟುಕೊಂಡಿರುವ ಅಂದಾಜು 1 ಇಂಚು ದಪ್ಪಕ್ಕೆ 1 ತಿಂಗಳು. ಚೆನ್ನಾಗಿ ಗಾಳಿಯಾಡಿದರೆ ಸ್ವಲ್ಪ ಬೇಗ, ಇಲ್ಲದಿದ್ದರೆ ಇನ್ನೂ ತಡ. ಉಬ್ಬಿದ ಬಣ್ಣ, ಪುಟ್ಟಿ ಕೆರೆದು ತೆಗೆದರೆ ಗೋಡೆ ಬೇಗ ಉಸಿರಾಡುತ್ತದೆ. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಪ್ಲಾಸ್ಟರ್ ಗೋಡೆ ಬಿಟ್ಟಿದೆ, ಅಷ್ಟನ್ನೂ ಕೆಡವಿ. ಬಿಳಿ ಉಪ್ಪು ಎದ್ದಿದ್ದರೆ ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ.

ನೆನೆದು ಮೆತ್ತಗಾದ ಜಿಪ್ಸಂ ಬೋರ್ಡ್ ಬದಲಾಯಿಸಿ. ಮರದ ನಾರು, ಚೂರು ಒತ್ತಿ ಮಾಡಿದ ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡ್ ಊದಿಕೊಂಡರೆ ಮೊದಲಿನಂತಾಗುವುದಿಲ್ಲ. ಗಟ್ಟಿ ಮರವನ್ನು ಮಾತ್ರ ನೆರಳಲ್ಲಿ ನಿಧಾನವಾಗಿ ಒಣಗಿಸಿ, ಬಿಸಿಲಿಗೆ ಹಾಕಿದರೆ ಸೊಟ್ಟಗಾಗಿ ಸೀಳುತ್ತದೆ. ನೆನೆದ ಸ್ವಿಚ್, ಸಾಕೆಟ್, ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಒಣಗಿಸಿ ಬಳಸುವ ವಸ್ತುಗಳಲ್ಲ.

ಕಾಗದಪತ್ರದ ಬಗ್ಗೆ ಒಂದು ಮಾತು, ಜನ ಗಾಬರಿಯಲ್ಲಿ ಹಾಳು ಮಾಡಿಕೊಳ್ಳುವುದು ಇದನ್ನೇ. ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬೇಡಿ. ಎರಡು ದಿನದಲ್ಲಿ ಒಣಗಿಸಲು ಆಗದಷ್ಟು ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಬೂಸ್ಟು ಅಲ್ಲಿಗೆ ನಿಲ್ಲುತ್ತದೆ, ಪುರುಸೊತ್ತಾದಾಗ ಸ್ವಲ್ಪ ಸ್ವಲ್ಪವೇ ತೆಗೆದು ಒಣಗಿಸಬಹುದು. ಒಂದಕ್ಕೊಂದು ಅಂಟಿದ ಫೋಟೋಗಳನ್ನು ಹಾಗೇ ಒಣಗಲು ಬಿಟ್ಟರೆ ಕಚ್ಚಿಕೊಂಡುಬಿಡುತ್ತವೆ. ತಣ್ಣನೆ ಶುದ್ಧ ನೀರಲ್ಲಿ ಮುಳುಗಿಸಿ, ತಾವಾಗಿ ಬಿಟ್ಟುಕೊಂಡಾಗ ತೆಗೆದು, ಚಿತ್ರ ಮೇಲಾಗಿ ಹರವಿ.

ಬೂಸ್ಟು ಬಂದೇಬಿಟ್ಟಿದ್ದರೆ? 10 ಚದರ ಅಡಿಗಿಂತ ಕಡಿಮೆ ಇದ್ದರೆ ನೀವೇ ತೆಗೆಯಬಹುದು. ಎನ್95 ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಒಣ ಬೂಸ್ಟನ್ನು ಪೊರಕೆಯಿಂದ ಗುಡಿಸಬೇಡಿ, ಮನೆತುಂಬ ಹರಡುತ್ತದೆ. ಡಿಟರ್ಜೆಂಟ್ ನೀರಲ್ಲಿ ಉಜ್ಜಿ, ಒರೆಸಿ, ಒಣಗಿಸಿ. ಎಲ್ಲರೂ ಬ್ಲೀಚ್ ಹಿಂದೆ ಬೀಳುತ್ತಾರೆ, ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಪ್ಲಾಸ್ಟರ್ ಒಳಕ್ಕೆ ಇಳಿದ ಬೂಸ್ಟಿಗೆ ಅದು ಸರಿಯಾಗಿ ತಲುಪುವುದೇ ಇಲ್ಲ. ಬಳಸಿದರೂ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಎಂದೂ ಬೆರೆಸಬೇಡಿ. ಹೊರಡುವುದು ಕ್ಲೋರಿನ್ ಅನಿಲ.

ಒಂದು ಕಡೆ ಮಾತ್ರ ನಿಮ್ಮ ಕೈಕೆಲಸ ಬೇಡ. ಸೀಲಿಂಗ್ ಕಾಂಕ್ರೀಟ್ ಕಂಬಿಯ ಸಾಲಿಗೇ ಬಿರುಕು ಬಿಟ್ಟು, ಕಂದು ನೀರು ಇಳಿಯುತ್ತಿದ್ದರೆ ಒಳಗೆ ಕಂಬಿ ತುಕ್ಕು ಹಿಡಿದಿದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ, ಕಾಂಕ್ರೀಟನ್ನು ಒಳಗಿಂದಲೇ ಒಡೆದು ಹೊರಕ್ಕೆ ತಳ್ಳುತ್ತದೆ. ಸುಮ್ನೆ ಸಿಮೆಂಟ್ ಮೆತ್ತಿ ಮುಚ್ಚಬೇಡಿ. ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ.

ಇಷ್ಟಾದ ಮೇಲೆ ಪೇಂಟ್. ಮತ್ತೊಮ್ಮೆ ಫಾಯಿಲ್ ಅಂಟಿಸಿ ನೋಡಿ. ಒಳಮೈ ಒಣಗಿದ್ದರೆ ಪ್ಲಾಸ್ಟರ್ ತೇಪೆ ಹಾಕಿಸಿ, ಆ ತೇಪೆಯೂ ಒಣಗಲು ಬಿಡಿ, ಆಮೇಲೆ ಕ್ಷಾರ ತಡೆಯುವ ಪ್ರೈಮರ್, ಪುಟ್ಟಿ, ಬಣ್ಣ. ತಾರಸಿಯ ನೀರಿಗೆ ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಬಳಿಯುವವರ ಮಾತು ಕೇಳಬೇಡಿ. ನೀರು ಹಿಂದಿನಿಂದ ಒತ್ತಿ ಅದನ್ನೂ ಗುಳ್ಳೆ ಎಬ್ಬಿಸುತ್ತದೆ. ತಡೆ ಇರಬೇಕಾದ್ದು ನೀರು ಬೀಳುವ ಕಡೆ.

ಬೀರುವನ್ನು ಮತ್ತೆ ಗೋಡೆಗೆ ಒತ್ತರಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಮುಂದಿನ ದೊಡ್ಡ ಮಳೆ ನಿಂತ ಮೇಲೆ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ನೋಡಿ. ಬಣ್ಣ ಉಬ್ಬಲು ಶುರುವಾಗಿದ್ದರೆ ನೆರಳಿನಲ್ಲಿ ಗೊತ್ತಾಗುತ್ತದೆ, ಕಲೆ ಮೂಡುವುದು ಅದಕ್ಕಿಂತ ಎಷ್ಟೋ ತಡವಾಗಿ.