ಹಳೇ ಗ್ಯಾಸ್ ಲೀಸ್‌ನಿಂದ ನನ್ನ 62 ಎಕರೆ ಬಿಡಿಸಿಕೊಂಡ ಕಥೆ

ಹೋದ ತಿಂಗಳು ಜಮೀನಿನ ದಾಖಲೆ ಇಡುವ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ನಮ್ಮ ಲೀಸ್, ಅಂದರೆ ನೆಲದಡಿಯ ಎಣ್ಣೆ-ಗ್ಯಾಸ್ ತೆಗೆಯಲು ಕಂಪನಿಗೆ ಕೊಟ್ಟ ಗುತ್ತಿಗೆ, ರದ್ದು ಅಂತ ದಾಖಲಾಯಿತು. ಕೊಲಂಬಸ್‌ನ ಗೆಳೆಯರೆಲ್ಲ "ಕಂಪನಿ ಎದುರು ಆಗೋ ಕೆಲಸವಾ? ಸುಮ್ನಿರಿ ಮಾರಾಯ್ರೆ" ಅಂದಿದ್ದರು. ಮೊದಲ ವಕೀಲರೂ ಅದನ್ನೇ ಹೇಳಿದರು. ಹೇಳಿದ್ದಕ್ಕೆ 900 ಡಾಲರ್ ಬಿಲ್ ಬೇರೆ.

ಪೂರ್ವ ಓಹಿಯೋದ ಜಮೀನು. 1978ರ ಲೀಸ್. ಐದು ವರ್ಷ, ಆಮೇಲೆ ಲಾಭ ಕೊಡುವಷ್ಟು ಎಣ್ಣೆ-ಗ್ಯಾಸ್ ಬರುತ್ತಿರುವವರೆಗೆ. ಜಮೀನಿನ ಮಾಲೀಕರಿಗೆ ರಾಯಲ್ಟಿ ಎಂಟರಲ್ಲೊಂದು ಪಾಲು. ಇರುವುದು ಒಂದೇ ಒಂದು ಬಾವಿ, ಕ್ಲಿಂಟನ್ ಅನ್ನೋ ಮೇಲಿನ ಪದರದ್ದು. ಲೀಸ್‌ನಲ್ಲಿ ಆಳದ ಮಿತಿ ಬರೆದಿಲ್ಲ. ಹಾಗಾಗಿ ಕೆಳಗಿನ ಯುಟಿಕಾ ಪದರವನ್ನೂ ಆ ಮುರುಕು ಬಾವಿಯೇ ಹಿಡಿದಿಟ್ಟಿತ್ತು. 2011ರ ಸುಮಾರಿಗೆ ಅಕ್ಕಪಕ್ಕದವರು ಯುಟಿಕಾಕ್ಕೆ ಹೊಸ ಲೀಸ್ ಬರೆದುಕೊಟ್ಟು ಬೋನಸ್ ಎಣಿಸಿದರು, ಈ ಜಮೀನಿನ ಆಗಿನ ಮಾಲೀಕರು ಬಾಯಿ ಬಿಟ್ಟುಕೊಂಡು ನೋಡಿದರು.

"ನೆಲದ ಕೆಳಗಿನದು ಸರ್ಕಾರದ್ದಲ್ವೇನೋ?" ಅಂತ ಹಾಸನದಿಂದ ಅಪ್ಪ ಫೋನಲ್ಲಿ ಕೇಳಿದ್ದರು. ಇಲ್ಲಿ ಹಾಗಲ್ಲ, ಯಾರೂ ಬೇರೆ ಮಾಡಿ ಉಳಿಸಿಕೊಳ್ಳದಿದ್ದರೆ ಅದು ನೆಲದ ಮಾಲೀಕನದೇ. ಹಿಂದಿನ ಕ್ರಯಪತ್ರಗಳಲ್ಲಿ ಯಾರೂ ಖನಿಜದ ಹಕ್ಕು ಉಳಿಸಿಕೊಂಡಿಲ್ಲ ಅಂತ ಮೊದಲೇ ನೋಡಿಕೊಂಡಿದ್ದೆ.

ಬಾವಿ ತೋಡಿದ ಖರ್ಚನ್ನು ಇಲ್ಲಿನ ಕೋರ್ಟುಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಡೆಸುವ ಖರ್ಚು ಕಳೆದು ಚೂರು ಲಾಭ ಉಳಿದರೂ ಲೀಸ್ ಜೀವಂತ. ಅದಕ್ಕೇ ಕಂಪನಿಯವರೇ ರಾಜ್ಯಕ್ಕೆ ಕೊಟ್ಟ ವಾರ್ಷಿಕ ಲೆಕ್ಕ ತೆಗೆದೆ. ಒಂದು ವರ್ಷ 9 ಬ್ಯಾರೆಲ್ ಎಣ್ಣೆ, ಮರುವರ್ಷ 4, ಆಮೇಲೆ ಸೊನ್ನೆ. ಗ್ಯಾಸ್ ಹೆಸರಿಗಷ್ಟೇ.

ಸಾಲದು ಅಂತ ಜಿಂಕೆ ಕ್ಯಾಮೆರಾ ಒಂದನ್ನು ಪಂಪಿನ ಕಡೆ ತಿರುಗಿಸಿ ಕಟ್ಟಿದೆ. ಜನವರಿ ಚಳಿಗೆ ಬ್ಯಾಟರಿ ಸತ್ತಿತು. ಲಿಥಿಯಂ ಹಾಕಿದ ಮೇಲೆ ನೂರಿಪ್ಪತ್ತು ದಿನ ಸಿಕ್ಕಿತು. ಪಂಪ್ ಅಲುಗಿದ್ದು ಮೂರು ದಿನ. ಉಳಿದದ್ದೆಲ್ಲ ಜಿಂಕೆ. ಲೀಸ್ ಪ್ರಕಾರ ಮನೆಗೆ ವರ್ಷಕ್ಕೆ 2 ಲಕ್ಷ ಘನ ಅಡಿ ಗ್ಯಾಸ್ ಪುಕ್ಕಟೆ. ಅದೂ ಒಂದು ಸಂಜೆ ಬಿಸಿಬೇಳೆಬಾತ್ ಅರ್ಧ ಬೆಂದಾಗ ನಿಂತುಹೋಯಿತು. ಹೆಂಡತಿ ಬೈದಳು, ನಾನು ತಾರೀಖು ಬರೆದುಕೊಂಡೆ.

ಹೀಗೆ ಸತ್ತ ಲೀಸನ್ನು ಕಂಪನಿಗೆ ನೋಟಿಸ್ ಕೊಟ್ಟು ದಾಖಲೆಯಲ್ಲಿ ರದ್ದು ಮಾಡಿಸುವ ದಾರಿ ಓಹಿಯೋ ಕಾನೂನಿನ 5301.332ನೇ ಸೆಕ್ಷನ್. ನನ್ನ ಮೊದಲ ನೋಟಿಸ್ ತಪ್ಪು ಕಂಪನಿಗೆ ಹೋಯಿತು. ಲೀಸ್ ಮೂರು ಕೈ ಬದಲಾಗಿತ್ತು, ನಾನು ಎರಡನೇ ಕೈಗೇ ನಿಂತಿದ್ದೆ. ಎರಡನೇ ಸಲ ಸರಿಯಾದ ವಿಳಾಸಕ್ಕೇ ಕಳಿಸಿದೆ. ಆದರೆ ನೋಟಿಸ್ ತಲುಪಿ 30 ದಿನ ಕಳೆದು 60ರೊಳಗೆ ರೆಕಾರ್ಡರ್ ಕಚೇರಿಗೆ ಹಾಕಬೇಕಾದ ಅಫಿಡವಿಟ್ಟನ್ನು (ಪ್ರಮಾಣ ಮಾಡಿ ಬರೆದ ಹೇಳಿಕೆ) 71ನೇ ದಿನ ಒಯ್ದೆ. ಮದುವೆಗೆ ಊರಿಗೆ ಹೋಗಿದ್ದೆ. ಮತ್ತೆ ಮೊದಲಿಂದ.

ನಡುವೆ 11 ಡಾಲರಿನ ರಾಯಲ್ಟಿ ಚೆಕ್ ಬಂತು. ಹಿಂದೊಮ್ಮೆ ಅಂಥದ್ದನ್ನು ಬ್ಯಾಂಕಿಗೆ ಹಾಕಿ ಎರಡನೇ ವಕೀಲರಿಂದ ಬೈಸಿಕೊಂಡಿದ್ದೆ. ದುಡ್ಡು ತಗೊಂಡ ಮೇಲೆ ಲೀಸ್ ಸತ್ತಿದೆ ಅನ್ನೋದು ಹೇಗೆ? ಈ ಸಲ ಕವರ್ ಸಮೇತ ವಾಪಸ್.

ಮೂರನೇ ನೋಟಿಸಿಗೆ ಅವರು 60 ದಿನ ಉಸಿರೆತ್ತಲಿಲ್ಲ. ಎತ್ತಿದ್ದರೆ ಕೋರ್ಟೇ ಗತಿ. ಆ ನೋಟಿಸಿನ ಎರಡನೇ ಪ್ಯಾರಾದಲ್ಲಿ ಏನು ಬರೆದೆ ಅನ್ನೋದನ್ನು ಇಲ್ಲಿ ಹೇಳಲ್ಲ. ಕಂಪನಿಯವರು ಕನ್ನಡ ಓದಲ್ಲ ನಿಜ, ಆದರೂ ಬೇಡ.

ಒಟ್ಟು ಹದಿನಾಲ್ಕು ತಿಂಗಳು, ಹೆಚ್ಚುಕಡಿಮೆ 2,800 ಡಾಲರ್. ಬಾವಿ ಇನ್ನೂ ಹಾಗೇ ನಿಂತಿದೆ. ಮುಚ್ಚಬೇಕಾದವರು ಅವರು, ಅದಕ್ಕೆ ಬೇರೆ ಕಾಗದ ಶುರು ಮಾಡಿದ್ದೇನೆ. ಮೊನ್ನೆ ಹೊಸ ಕಂಪನಿಯ ಏಜೆಂಟ್ ಬಂದು ಹೊಸ ಲೀಸಿಗೆ ರಾಯಲ್ಟಿ ಶೇ. 15 ಅಂದ. ಕಾಫಿ ಕೊಟ್ಟು ಕಳಿಸಿದೆ.