ಹಳೆಯ ಬಿಬಿಸಿ ಮೈಕ್ರೋಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಜೋಡಿಸುವುದು ಹೇಗೆ?

1984ರಲ್ಲಿ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಕಂಪ್ಯೂಟರ್ ಬಿಬಿಸಿ ಮೈಕ್ರೋ. ಹುಬ್ಬಳ್ಳಿ-ಧಾರವಾಡದಲ್ಲಿ ಯಾರ ಅಟ್ಟದ ಮೇಲಾದರೂ ಒಂದು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-83 ಪ್ಲಸ್ ಗ್ರಾಫಿಂಗ್ ಕ್ಯಾಲ್ಕುಲೇಟರಿನ ಜೊತೆ ಅದು ಈಗಲೂ ಮಾತಾಡುತ್ತದೆ. ಮಾತಿಗೆ ಎರಡು ತಂತಿ, ಜೊತೆಗೊಂದು ಗ್ರೌಂಡ್, ಅಷ್ಟೇ ಸಾಕು.

ಮೊದಲು ಪವರ್ ಸಪ್ಲೈ ನೋಡಿ. ಅದರೊಳಗಿನ ಹಳೆಯ ಫಿಲ್ಟರ್ ಕೆಪಾಸಿಟರುಗಳು ಬಿರುಕು ಬಿಟ್ಟು ಹೊಗೆ ಉಗುಳುವುದು ಮಾಮೂಲಿ, ಹಾಗಾಗಿ ಸ್ವಿಚ್ ಹಾಕುವ ಮುಂಚೆಯೇ ಬದಲಿಸಿ. ಮೇನ್ಸ್ ಕರೆಂಟಿನ ಕೆಲಸ ಗೊತ್ತಿಲ್ಲದಿದ್ದರೆ ರಿಪೇರಿಯವರ ಕೈಗೆ ಕೊಡಿ. ಧಾರವಾಡದ ಮಳೆಗಾಲದ ಥಂಡಿಗೆ ಪಿನ್ನುಗಳು ಕಿಲುಬು ಹಿಡಿದಿರುತ್ತವೆ, ಅವನ್ನೂ ಒರೆಸಿಬಿಡಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. 20 ಪಿನ್ನಿನ ಎಫ್‌ಆರ್‌ಸಿ ಕನೆಕ್ಟರ್, ಅದರ ಚಪ್ಪಟೆ ಕೇಬಲ್, ಒಂದು 2.5 ಮಿ.ಮೀ. ಸ್ಟೀರಿಯೋ ಜ್ಯಾಕ್. ಅಂಗಡಿಯಲ್ಲಿ ಸುಮ್ನೆ 'ಸ್ಟೀರಿಯೋ ಜ್ಯಾಕ್' ಅಂದರೆ ಇಯರ್‌ಫೋನಿನ 3.5 ಕೊಟ್ಟುಬಿಡುತ್ತಾರೆ, ಅದು ಕ್ಯಾಲ್ಕುಲೇಟರಿಗೆ ಹೋಗುವುದಿಲ್ಲ.

ಎರಡೂ ಯಂತ್ರ ಆಫ್ ಮಾಡಿ. ಕಂಪ್ಯೂಟರಿನ ಅಡಿಯಲ್ಲಿರುವ ಯೂಸರ್ ಪೋರ್ಟಿನಲ್ಲಿ ಪಿನ್ 5 ಗ್ರೌಂಡ್, ಅದು ಜ್ಯಾಕಿನ ಬುಡಕ್ಕೆ ಹೋಗಲಿ. ಪಿನ್ 6 ಜ್ಯಾಕಿನ ತುದಿಗೆ, ಪಿನ್ 8 ನಡುವಿನ ಉಂಗುರಕ್ಕೆ. ಪಿನ್ 1 ಮತ್ತು 3ರಲ್ಲಿ 5 ವೋಲ್ಟ್ ಇರುತ್ತದೆ, ಅವನ್ನು ಮುಟ್ಟಬೇಡಿ. ಸೋಲ್ಡರ್ ಆದಮೇಲೆ ಮಲ್ಟಿಮೀಟರಿನಲ್ಲಿ ಒಂದೊಂದೇ ತಂತಿ ಚೆಕ್ ಮಾಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ತುದಿ ಮತ್ತು ಉಂಗುರದ ಎರಡೂ ತಂತಿ ಸುಮ್ಮನಿದ್ದಾಗ 5 ವೋಲ್ಟಿನಲ್ಲಿರುತ್ತವೆ. ಕಳಿಸುವವನು 0 ಹೇಳಬೇಕಾದರೆ ತುದಿಯ ತಂತಿಯನ್ನು ಕೆಳಗೆ ಎಳೆಯುತ್ತಾನೆ, 1 ಆದರೆ ಉಂಗುರದ್ದನ್ನು. ತಲುಪಿತು ಅಂತ ಪಡೆಯುವವನು ಇನ್ನೊಂದು ತಂತಿ ಎಳೆಯುತ್ತಾನೆ, ಆಗ ಕಳಿಸುವವನು ತನ್ನದನ್ನು ಬಿಡುತ್ತಾನೆ, ಆಮೇಲೆ ಇವನೂ ಬಿಡುತ್ತಾನೆ. ಪ್ರತಿ ಬಿಟ್‌ಗೂ, ಅಂದರೆ ಪ್ರತಿ 0 ಅಥವಾ 1ಕ್ಕೂ, ಹೀಗೆ ಒಬ್ಬರಿಗೊಬ್ಬರು ಕಾಯುವುದರಿಂದ ಇಬ್ಬರ ವೇಗ ಒಂದೇ ಇರಬೇಕಿಲ್ಲ. ಅದಕ್ಕೇ 2 ಮೆಗಾಹರ್ಟ್ಸ್ ಯಂತ್ರದಲ್ಲಿ ಬೇಸಿಕ್ ಭಾಷೆಯ ಪ್ರೋಗ್ರಾಮಿಗೂ ಇದು ಸಾಧ್ಯ.

ಬೇಸಿಕ್‌ನಲ್ಲಿ ? ಅಂದರೆ ಆ ಸಂಖ್ಯೆಯ ಮೆಮೊರಿ ಜಾಗ: 65120 ಪಿನ್ನುಗಳ ಸ್ಥಿತಿ, 65122 ಯಾವ ಪಿನ್ನನ್ನು ನಾವು ಎಳೆಯಬೇಕು ಅನ್ನುವುದು. ಮೊದಲು ?65122=0, ಆಮೇಲೆ ?65120=0 ಕೊಡಿ. ಇನ್ನು ?65120 ಓದುತ್ತಾ ಇರಿ, ಕೆಳಗಿನ ಎರಡು ಬಿಟ್ ಮಾತ್ರ ನೋಡಿ. 3 ಇದ್ದರೆ ಇನ್ನೂ ಏನೂ ಬಂದಿಲ್ಲ. 2 ಆದರೆ ಬಂದದ್ದು 0, ಉತ್ತರಕ್ಕೆ ?65122=2 ಮಾಡಿ. 1 ಆದರೆ ಬಂದದ್ದು 1, ಆಗ ?65122=1. ಕ್ಯಾಲ್ಕುಲೇಟರ್ ಎಳೆದ ತಂತಿ ಮೇಲೆ ಬಂದ ಕೂಡಲೇ ಮತ್ತೆ ?65122=0. ಎಂಟು ಸಲ ಹೀಗಾದರೆ ಒಂದು ಬೈಟ್. ಅತಿ ಕಡಿಮೆ ಬೆಲೆಯ ಬಿಟ್ (1ರ ಸ್ಥಾನದ್ದು) ಮೊದಲು ಬರುತ್ತದೆ, ನೆನಪಿರಲಿ.

ಪ್ರೋಗ್ರಾಂ ಓಡಿಸಿ, ಕ್ಯಾಲ್ಕುಲೇಟರಿನಲ್ಲಿ ಲಿಂಕ್ ಮೆನು ತೆರೆದು ಒಂದು ಲಿಸ್ಟ್ ಆರಿಸಿ, ಟ್ರಾನ್ಸ್‌ಮಿಟ್ ಒತ್ತಿ. ಪರದೆಯ ಮೇಲೆ ಮೊದಲ ಬೈಟ್ 115 ಬರಬೇಕು, ಅದು ಟಿಐ-83 ಪ್ಲಸ್‌ನ ಗುರುತು. 140 ಬಂದರೆ ತುದಿ ಮತ್ತು ಉಂಗುರದ ತಂತಿ ಅದಲುಬದಲಾಗಿವೆ. 206 ಬಂದರೆ ತಂತಿ ಸರಿ ಇದೆ, ಬಿಟ್‌ಗಳನ್ನು ಉಲ್ಟಾ ಜೋಡಿಸಿದ್ದೀರಿ. ಏನೂ ಬರದಿದ್ದರೆ ಜ್ಯಾಕನ್ನು ಇನ್ನೊಮ್ಮೆ ಗಟ್ಟಿಯಾಗಿ ಒತ್ತಿ, ಬಹಳ ಸಲ ಅಷ್ಟೇ ಇರುತ್ತದೆ. ಪೂರ್ತಿ ಉತ್ತರ ಸಿಗದ ಕಾರಣ ಕ್ಯಾಲ್ಕುಲೇಟರ್ ಸ್ವಲ್ಪ ಹೊತ್ತಿಗೆ ಎರರ್ ತೋರಿಸುತ್ತದೆ, ಗಾಬರಿ ಬೇಡ. 115 ಕಂಡಿತು ಅಲ್ವಾ? ಇನ್ನು ಅದೇ ಆಟವನ್ನು ತಿರುಗಿಸಿ, ಕಂಪ್ಯೂಟರಿನಿಂದ 35, 86, 0, 0 ಕಳಿಸುವ ರೂಟೀನ್ ಬರೆಯಿರಿ. 'ತಲುಪಿತು' ಅಂತ ಕ್ಯಾಲ್ಕುಲೇಟರಿಗೆ ತಿಳಿಸುವ ನಾಲ್ಕು ಬೈಟ್ ಅವೇ.