ಖಾಲಿ ಸೈಟಿನ ಸೊಪ್ಪು ಆಶ್ರಮದ ಅಡುಗೆಮನೆಗೆ

ವಿದ್ಯಾರ್ಥಿಗಳು ಸೇರಿ ಖಾಲಿ ಸೈಟಿನಲ್ಲಿ ಸೊಪ್ಪು ಬೆಳೆದು ಆಶ್ರಮಕ್ಕೆ ಕೊಡಬಹುದು. ಮೊದಲು ಹತ್ತಿರದ ಅನಾಥಾಶ್ರಮ ಅಥವಾ ವೃದ್ಧಾಶ್ರಮದ ಅಡುಗೆಮನೆಗೆ ಹೋಗಿ, ಏನು ಬೇಕೆಂದು ಕೇಳಿ. ಸುಮ್ನೆ ನಮಗಿಷ್ಟವಾದದ್ದನ್ನು ಬೆಳೆದು ಕೊಟ್ಟರೆ ಸಾಲದು, ಅವರಿಗೆ ಉಪಯೋಗವಾಗಬೇಕಲ್ವಾ? ಸೈಟಿನ ಮಾಲೀಕರ ಒಪ್ಪಿಗೆ ಪಡೆಯಿರಿ. ನೀರು ಹತ್ತಿರವಿರಲಿ.

ಶುರುವಿಗೆ ಸೊಪ್ಪೇ ಒಳ್ಳೆಯದು. ಮೆಂತ್ಯ, ದಂಟು ಸುಮಾರು 25–30 ದಿನದಲ್ಲಿ ಕೈಗೆ ಬರುತ್ತವೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ. ದಂಟಿನ ಬೀಜ ತೀರಾ ಸಣ್ಣದು, ಮರಳಿನ ಜೊತೆ ಬೆರೆಸಿ ಎರಚದಿದ್ದರೆ ಒಂದೇ ಕಡೆ ಗುಂಪಾಗಿ ಹುಟ್ಟುತ್ತದೆ. ಎಲ್ಲಾ ಒಂದೇ ದಿನ ಬಿತ್ತಬೇಡಿ. ವಾರಕ್ಕೊಂದು ಮಡಿ ಸಾಕು, ಆಗ ವಾರವಾರವೂ ಸೊಪ್ಪು ಸಿಗುತ್ತದೆ.

ಪರೀಕ್ಷೆ ಸಮಯದಲ್ಲಿ ಗಿಡ ಒಣಗಬಾರದು, ನೀರು ಹಾಕುವ ಸರದಿ ಮೊದಲೇ ಬರೆದಿಡಿ. ಬೆಳಿಗ್ಗೆಯೇ ಕಿತ್ತು, ಬೇರಿನ ಮಣ್ಣು ತೊಳೆದು, ಒದ್ದೆ ಬಟ್ಟೆ ಸುತ್ತಿ, ಒಲೆ ಹಚ್ಚುವ ಮುಂಚೆ ತಲುಪಿಸಿ.